ಮೂತಿಯ ಕಬ್ಬಿಣ

ನನ್ನ ಚಿಗವ್ವ ಹದಿನೈದು ವರ್ಷ ಗೋವಾದ ಕಲಂಗುಟ್ ಬೀಚಿನಲ್ಲಿ ಮಣಿಸರ ಮಾರಿದಳು. ಉಸುಕಿನಲ್ಲಿ ನಡೆದು ನಡೆದು ಮೊಣಕಾಲು ಹೋದವು. ಇನ್ನು ನಡೆಯಬೇಡ ಎಂದರು ಡಾಕ್ಟರು. ಅದಕ್ಕೆ ಸರ ಬಿಟ್ಟು ಥರ್ಮಾಕೋಲಿನ ಆಟಿಕೆ ವಿಮಾನಗಳ ಒಂದು ಪೆಟ್ಟಿಗೆ ತಂದಳು. ಒಂದೇ ಕಡೆ ಕೂತು ಒಂದನ್ನು ಹಾರಿಸುತ್ತಿದ್ದರೆ ಸಾಕು, ಗಿರಾಕಿಗಳೇ ಬರುತ್ತಾರೆ. ಹಾರದಿದ್ದರೆ ಮತ್ತೆ ಸರ ಹೊತ್ತು ನಡೆಯಬೇಕು. ವಿಷಯ ಇಷ್ಟೇ.

ಮೊದಲ ದಿನವೇ ಫೋನ್ ಬಂತು. "ಲೇ ತಮ್ಮಾ, ಒಂದೂ ಹಾರವಲ್ವು. ಎಲ್ಲಾ ಡುಪ್ಲಿಕೇಟ್ ಕೊಟ್ಟಾರ. ಲಗೂನ ಬಾ."

ನಾನು ಅಲ್ಲೇ ಹತ್ತಿರ ಏಳುತ್ತಿದ್ದ ಹೋಟೆಲ್ ಕಟ್ಟಡವೊಂದರಲ್ಲಿ ಕಬ್ಬಿಣದ ಸರಳು ಕಟ್ಟುವ ಕೆಲಸದಲ್ಲಿದ್ದೆ. ಮಧ್ಯಾಹ್ನದ ಊಟ ಬಿಟ್ಟು ಹೋದೆ. ಚಿಗವ್ವ ಒಂದನ್ನು ಎಸೆದು ತೋರಿಸಿದಳು. ಅದು ಮೂತಿ ಎತ್ತಿ, ಒಂದು ಕ್ಷಣ ನಿಂತು, ಬಾಲದ ಮೇಲೆ ಬಿತ್ತು. ಇನ್ನೊಂದೂ ಹಾಗೇ. ಪಕ್ಕದ ಶ್ಯಾಕ್ ಹೋಟೆಲಿನ ವೇಟರುಗಳು ನಗುತ್ತಿದ್ದರು.

ಕೈಯಲ್ಲಿ ಹಿಡಿದು ನೋಡಿದೆ. ಮೂತಿಯಲ್ಲಿ ಒಂದು ಸೀಳು, ಖಾಲಿ.

"ಇಲ್ಲಿ ಏನೋ ಇತ್ತಲ್ಲ?"

"ಕಬ್ಬಿಣದ ತುಂಡಿತ್ತು. ತಗದೆ."

"ಯಾವುದರಾಗ?"

"ಎಲ್ಲಾದರಾಗೂ. ನಿನ್ನೆ ಕುಂತು ಒಂದೊಂದಾ ಕಿತ್ತೇನಿ. ಹಾರೂದಕ್ಕ ಭಾರ ಯಾಕ ಬೇಕು? ಹಗುರಿದ್ರ ಚಲೋ ಹಾರತೈತಿ."

"ಈಗ ಎಲ್ಲಿ ಅದಾವು?"

"ಕಸದ ಗಾಡಿಗೆ ಹಾಕಿದೆ."

ತಲೆ ಚಚ್ಚಿಕೊಳ್ಳಬೇಕೆನಿಸಿತು. "ನಿನಗ ಯಾರು ಹೇಳಿದ್ರು?"

"ತಲಿ ಮ್ಯಾಲೆ ಖಡಿ ಕಲ್ಲಿನ ಬುಟ್ಟಿ ಹೊತ್ತಾಕಿ ನಾನು. ಭಾರ ಅಂದ್ರ ಏನಂತ ನೀ ಹೇಳಬ್ಯಾಡ."

ನಾನು ಓದಿದ್ದು ಏಳನೇ ತನಕ. ಆದರೆ ಒಂದು ವರ್ಷ ವಿಮಾನಕ್ಕೆ ಬ್ಯಾಗ್ ತುಂಬಿದ್ದೇನೆ. ಅದರ ಹೊಟ್ಟೆಯಲ್ಲಿ ಮುಂದೊಂದು, ಹಿಂದೊಂದು ಗೂಡು. ಯಾವುದಕ್ಕೆ ಎಷ್ಟು ಎಂದು ಚೀಟಿ ಬರುತ್ತದೆ. ಒಮ್ಮೆ ಮುಂದಿನ ಬ್ಯಾಗುಗಳನ್ನು ಹಿಂದೆ ತುಂಬಿ, ಸೂಪರ್‌ವೈಸರ್ ಕೈಲಿ ಬೈಸಿಕೊಂಡು, ಎಲ್ಲ ಇಳಿಸಿ ಮತ್ತೆ ತುಂಬಿದ್ದೆ. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲೆ ತಳ್ಳುತ್ತದೆ. ಹಿಂದೆ ಭಾರವಾದರೆ ಮೂತಿ ಏಳುತ್ತದೆ. ತೀರಾ ಎದ್ದರೆ ರೆಕ್ಕೆಗೆ ಗಾಳಿ ಸಿಗುವುದಿಲ್ಲ, ಬೀಳುತ್ತದೆ. ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ "ಅದು ಖರೇ ವಿಮಾನ, ಇದು ಥರ್ಮಾಕೋಲ್" ಎಂದಳು.

ಕೊನೆಗೆ ಕಿರುಚಿದೆ. "ಚಕ್ಕಡ್ಯಾಗ ಹಿಂದ ಭಾರ ಹೇರಿದ್ರ ಏನಾಗತೈತಿ?"

"ನೊಗ ಮ್ಯಾಲೆ ಏಳತೈತಿ. ಅಷ್ಟೂ ತಿಳಿಯಂಗಿಲ್ಲೇನು?" ಎಂದವಳು ನನ್ನ ಕೈಯಲ್ಲಿದ್ದ ವಿಮಾನದ ಖಾಲಿ ಸೀಳಿನಲ್ಲಿ ಬೆರಳಾಡಿಸಿದಳು. ಆಮೇಲೆ ನನಗೇ ಬೈದಳು. "ಮದ್ಲ ಹಂಗ ಹೇಳಾಕ ನಿನಗೇನಾಗಿತ್ತು?"

ಕಿಸೆಯಲ್ಲಿ ಸರಳು ಕಟ್ಟುವ ತಂತಿ ಇತ್ತು. ಚುಚ್ಚದಂತೆ ಸುತ್ತಿ ಸೀಳಿಗೆ ತುರುಕಿದೆ. ಐದು ಸುತ್ತು ಹಾಕಿ ಎಸೆದರೆ ಮೂತಿ ಉಸುಕಿಗೆ ನಾಟಿತು. ಮೂರು ಸುತ್ತು ಸರಿ ಎನಿಸಿತು. ಆದರೆ ಚಿಗವ್ವ ಸಮುದ್ರಕ್ಕೆ ಬೆನ್ನು ಮಾಡಿ ಎಸೆದಳು. ಬಿತ್ತು.

"ಸಮುದ್ರದ ಕಡಿ ಒಗಿ, ಗಾಳಿಗೆ ಎದುರಾಗಿ!"

"ನೀರಾಗ ಹೋದ್ರ ನಿಮ್ಮಪ್ಪ ತರತಾನೇನು?"

"ದೊಡ್ಡವೂ ಎದುರುಗಾಳಿಗೇ ಓಡಿ ಏಳತಾವು. ಒಗಿ ಅಂದ್ರ ಒಗಿ."

ಎಸೆದಳು. ನೇರ ಹೋಗಿ, ತೇಲಿ, ಒದ್ದೆ ಉಸುಕಿನ ಮೇಲೆ ಮೆತ್ತಗೆ ಇಳಿಯಿತು. ವೇಟರುಗಳ ನಗು ನಿಂತಿತು. ಚಿಗವ್ವ ಮೊಣಕಾಲು ಹಿಡಿದು ಎದ್ದು, ಇಪ್ಪತ್ತು ಹೆಜ್ಜೆ ಹೋಗಿ, ಇಪ್ಪತ್ತು ಹೆಜ್ಜೆ ಬಂದಳು.

"ಪ್ರತಿ ಸಲ ಹಿಂಗ ತರಬೇಕಂದ್ರ ಸರ ಮಾರೂದ ಚಲೋ."

ಇದು ನನಗೂ ಹೊಳೆದಿರಲಿಲ್ಲ. ನನ್ನ ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ಬಾಲದ ಮೇಲೆ ನಿಂತಿರುವ ಹಲಗೆಯ ಹಿಂಬದಿಯನ್ನು ಎಡಕ್ಕೆ ಸ್ವಲ್ಪ ಬಗ್ಗಿಸಿ ಕೊಟ್ಟೆ. ಚಿಗವ್ವ ಕೂತು ಎಸೆದಳು. ವಿಮಾನ ಎಡಕ್ಕೆ ತಿರುಗಿ, ದೊಡ್ಡ ಸುತ್ತು ಹಾಕಿ, ಗಾಳಿಯ ಜೊತೆ ವಾಪಸ್ ಬಂದು ಅವಳಿಂದ ಎರಡು ಮಾರು ದೂರ ಬಿತ್ತು.

ಚಿಗವ್ವ ಕೂತಲ್ಲಿಂದಲೇ ಅಳೆದು ನೋಡಿದಳು.

"ಇನ್ನಾ ಸ್ವಲ್ಪ ಬಗ್ಗಸು. ಕೈಗೆ ನಿಲುಕವಲ್ದು."