ಕೇಳುವ ಮೊದಲೇ ಹೊರಟ ಅಕ್ಕಿ

ಅಥಣಿ ಕಡೆಯ ಭರತೇಶ ಸೈನ್ಯಕ್ಕೆ ಸೇರಿದ್ದು ಬಂದೂಕು ಹಿಡಿಯುವ ಆಸೆಯಿಂದ. ಸೈನ್ಯ ಅವನನ್ನು ಸರಬರಾಜು ವಿಭಾಗಕ್ಕೆ ಹಾಕಿತು. ಮೊದಲ ರಜೆಗೆ ಊರಿಗೆ ಹೋದಾಗ ಗೆಳೆಯರು, "ಗಡಿಯೊಳಗ ಏನ್ ಮಾಡ್ತೀಯೋ?" ಎಂದು ಕೇಳಿದರು. "ಬ್ಯಾಳಿ ತೂಗ್ತೀನಿ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಒಳಗೆ ಚುಚ್ಚಿತು.

ಆ ಕೆಲಸ ಎಂಥದ್ದೆಂದು ಅವನಿಗೆ ತಿಳಿದದ್ದು ಲಡಾಖಿನಲ್ಲಿ. ಹಿಮ ಬಿದ್ದರೆ ದಾರಿ ಮುಚ್ಚುತ್ತಿತ್ತು. ಚಳಿಗಾಲಕ್ಕೆ ಬೇಕಾದ ಹಿಟ್ಟು, ಸೀಮೆಎಣ್ಣೆ, ಔಷಧಿ ಎಲ್ಲವೂ ಬೇಸಿಗೆಯಲ್ಲೇ ಮೇಲೇರಬೇಕು. ಬೇಡಿಕೆ ಬರಲೆಂದು ಕಾದರೆ, ಅದು ಬರುವ ಹೊತ್ತಿಗೆ ದಾರಿಯೇ ಇರುತ್ತಿರಲಿಲ್ಲ. ರೈಲಿನಿಂದ ಲಾರಿಗೆ, ಲಾರಿಯಿಂದ ಹೇಸರಗತ್ತೆಗೆ, ಅಲ್ಲಿಂದ ಮನುಷ್ಯನ ಬೆನ್ನಿಗೆ. ಮೇಲೆ ಹೋದಂತೆಲ್ಲ ಹೊರೆ ಚಿಕ್ಕದಾಗುತ್ತ ಹೋಗಬೇಕು. ಮೇಲಿನವರಿಗೆ ಏನು ಬೇಕಾದೀತು ಎಂದು ಕೆಳಗೆ ಕೂತವನು ಊಹಿಸಬೇಕು. ಊಹೆ ತಪ್ಪಿದರೆ ಅಲ್ಲಿ ಒಬ್ಬ ಹಸಿದಿರುತ್ತಾನೆ.

ಎಷ್ಟೋ ವರ್ಷಗಳ ಮೇಲೆ ಸುಬೇದಾರನಾಗಿ ಅವನು ಕೋಲ್ಕತ್ತಕ್ಕೆ ಬಂದ. ಖಿದಿರ್‌ಪುರದ ಬಂದರಿನ ಹತ್ತಿರದ ಡಿಪೋದಿಂದ ಅಂಡಮಾನ್ ನಿಕೋಬಾರಿನ ತುಕಡಿಗಳಿಗೆ ಸಾಮಾನು ಕಳಿಸುವ ಕೆಲಸ. ಕ್ವಾರ್ಟರ್ಸ್ ಸಿಗದೆ ಜಾದವ್‌ಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಮಗಳು ಪೂರ್ವಿ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ವಿದೇಶಿ ಅಂಗಡಿಗಳ ದಾಸ್ತಾನಿಗೆ ಪ್ರೋಗ್ರಾಂ ಬರೆಯುತ್ತಿದ್ದಳು.

"ಶೆಲ್ಫ್ ಖಾಲಿ ಆಗೋಕಿಂತ ಮೊದಲು ಕಂಪ್ಯೂಟರೇ ಆರ್ಡರ್ ಮಾಡ್ತದ, ಅಪ್ಪಾ. ಸೇಮ್ ನಿಮ್ಮಂಗೇ."

"ಹಂಗಾರ ನಮ್ಮದೂ ನಿಮ್ಮದೂ ಒಂದ ದಂಧೆ" ಎಂದು ಭರತೇಶ ಖುಷಿಪಟ್ಟ.

2004ರ ಡಿಸೆಂಬರ್ ಕೊನೆಯಲ್ಲಿ ಸುನಾಮಿ ಬಂತು. ದ್ವೀಪಗಳಿಗೆ ಪರಿಹಾರದ ಹಡಗು ಹೊರಡಿಸಲು ಆದೇಶವಾಯಿತು. ಡಿಪೋದ ಮೇಲಧಿಕಾರಿ ಮೇಜರ್ ಶ್ರೀಕರ, ಮೈಸೂರಿನವನು. ಗೋದಾಮಿನಲ್ಲಿ ಅಕ್ಕಿಮೂಟೆಗಳನ್ನು ಬಿಚ್ಚಿಸಿ ಸಣ್ಣ ಗಂಟು ಕಟ್ಟಿಸುತ್ತಿದ್ದ ಭರತೇಶನನ್ನು ನೋಡಿ ಅವನಿಗೆ ಗಾಬರಿಯಾಯಿತು.

"ಏನ್ ಸಾಬ್ ಇದು? ನಾಳೆ ಹಡಗು ಬಿಡತ್ತೆ. ಹೀಗೆ ಕಟ್ತಾ ಕೂತ್ರೆ ಅರ್ಧ ಸಾಮಾನು ಇಲ್ಲೇ ಉಳಿಯತ್ತೆ" ಎಂದ. ಸುಬೇದಾರರನ್ನು ಮೇಲಧಿಕಾರಿಗಳೂ 'ಸಾಬ್' ಎನ್ನುವುದು ಸೈನ್ಯದ ರೂಢಿ.

"ಉಳೀಲ್ರಿ ಸಾಹೇಬ್ರ. ಅಲ್ಲಿ ಹಡಗು ನಿಲ್ಲೂ ಧಕ್ಕೆ ಒಡದೈತಿ ಅಂತಾರ, ಕ್ರೇನ್ ಇಲ್ಲ. ದೊಡ್ಡ ಮೂಟಿ ಹಡಗಿನ್ಯಾಗ ಇದ್ರೂ ಒಂದ, ಇರ್ಲಿಕ್ರೂ ಒಂದ. ಹೆಣ್ಮಕ್ಕಳು ತಲಿ ಮ್ಯಾಲ ಹೊರೂವಷ್ಟ ಇರಬೇಕು."

"ಅವರೇನೂ ಕೇಳೇ ಇಲ್ವಲ್ಲ ಇನ್ನೂ?"

"ಕೇಳೂ ಸ್ಥಿತಿಯೊಳಗ ಇಲ್ಲಲ್ರಿ."

ಮೇಜರ್ ಗಂಟು ಕಟ್ಟಲು ಇನ್ನಷ್ಟು ಜವಾನರನ್ನು ಕಳಿಸಿಕೊಟ್ಟ. ಪ್ರತಿ ಗಂಟಿನಲ್ಲೂ ಅಕ್ಕಿ, ಬೇಳೆ, ಉಪ್ಪು, ಬೆಂಕಿಪೆಟ್ಟಿಗೆ. ಆದರೂ ಒಂದಷ್ಟು ಮೂಟೆ ಗೋದಾಮಿನಲ್ಲೇ ಉಳಿಯಿತು.

ಹಡಗಿನ ಜೊತೆ ಹೋಗಿದ್ದ ಸಿಪಾಯಿ ಕಲ್ಲಪ್ಪ ಮರಳಿ ಬಂದು ಸುದ್ದಿ ಹೇಳಿದ. "ಎದಿಮಟ ನೀರಾಗ ನಿಂತು ಗಂಟು ಇಳಿಸ್ಕೊಂಡ್ರು ಸಾಬ್. ಆದ್ರ ಬೇಸಾಕ ಪಾತ್ರಿ ಇರ್ಲಿಲ್ಲ. ಎಲ್ಲಾ ಸಮುದ್ರ ಒಯ್ದಿತ್ತು. ಅಕ್ಕಿ ಮುಂದಿಟ್ಕೊಂಡು ಉಪವಾಸ ಕುಂತಿದ್ರು. ಆಮ್ಯಾಲ ಎಣ್ಣಿ ಡಬ್ಬಿ ಕತ್ತರಿಸಿ ಬೇಯಿಸಿದ್ರು."

ಪಾತ್ರೆಯ ವಿಚಾರ ಭರತೇಶನಿಗೆ ಹೊಳೆದೇ ಇರಲಿಲ್ಲ. ಸೈನ್ಯದಲ್ಲಿ ತುಕಡಿಯ ಜೊತೆಗೆ ಅದರ ಅಡುಗೆಪಾತ್ರೆಯೂ ಹೋಗುತ್ತದೆ. ಅಷ್ಟು ವರ್ಷದ ಚಾಕರಿಯಲ್ಲಿ, ಪಾತ್ರೆಯೇ ಇಲ್ಲದವರಿಗೆ ಅವನು ಅಕ್ಕಿ ಕಳಿಸಿರಲಿಲ್ಲ.

ಮನೆಯಲ್ಲಿ ಊಟ ಸೇರಲಿಲ್ಲ. ವಿಷಯ ಕೇಳಿದ ಪೂರ್ವಿ, "ದುರ್ಗಾಪೂಜೆಗೆ ನಮ್ಮ ಓಣಿ ಕ್ಲಬ್‌ನವ್ರು ಖಿಚುಡಿ ಮಾಡ್ತಾರಲ್ಲ, ಆ ದೊಡ್ಡ ಡೇಕ್ಚಿಗಳು ಈಗ ಖಾಲಿ ಅಲ್ವಾ? ಹೋಗಿ ಕೇಳ್ರಿ, ಅಪ್ಪಾ" ಎಂದಳು.

ಸೈನ್ಯದವನು ಓಣಿಯವರ ಹತ್ತಿರ ಪಾತ್ರೆ ಕೇಳುವುದೇ ಎಂದು ಅವನಿಗೆ ಸಂಕೋಚ. ಮೇಜರನ ಒಪ್ಪಿಗೆ ಪಡೆದು ಹೋದ. ಕ್ಲಬ್ಬಿನ ಹಿರಿಯರು ಮಾತು ಮುಗಿಯುವ ಮೊದಲೇ ಕೋಣೆಯ ಬೀಗ ತೆಗೆದರು. ದುರ್ಗಾಪೂಜೆಯ ಡೇಕ್ಚಿಗಳು ಹೊರಬಂದವು. ನೋಡಿದ ಹೆಂಗಸರು ತಮ್ಮ ಅಡುಗೆಮನೆಗಳಿಂದಲೂ ಪಾತ್ರೆ ತಂದರು. ಎರಡನೆಯ ಹಡಗಿನಲ್ಲಿ ಅವೆಲ್ಲ ಹೋದವು.

ಈ ಸಲ ಕಲ್ಲಪ್ಪ ನಗುತ್ತ ಬಂದ. ಅನ್ನ ಬೆಂದಿತ್ತು. ಜೊತೆಗೆ ಅಲ್ಲಿಯವರ ಮೊದಲ ಬೇಡಿಕೆಯನ್ನೂ ತಂದಿದ್ದ: ಮೀನಿನ ಬಲೆ.

ಭರತೇಶ ಜೈನ. ಮೀನಿನ ಊರಿನಲ್ಲಿದ್ದೂ ಮನೆಗೆ ಮೀನು ಸೋಕಿಸದವನು. ಹೆಂಡತಿ ಅಹಲ್ಯಾ ಕೇಳಿದಳು: "ನೀವ ಕಳಸಬೇಕೇನ್ರಿ? ಬ್ಯಾರೇದವ್ರಿಗೆ ಹೇಳಾಕ ಬರೂದಿಲ್ಲೇನು?"

"ಬರತೈತಿ" ಎಂದ. "ಆದ್ರ ಇಷ್ಟ ದಿನ ಅವರಿಗೆ ಏನ್ ಬೇಕಂತ ನಾವ ಅಂದಾಜು ಮಾಡಿದ್ವಿ. ಈಗ ಅವರ ಬಾಯಿಬಿಟ್ಟು ಕೇಳ್ಯಾರ. ನಮ್ಮ ಅಕ್ಕಿ ಎಷ್ಟ ದಿನ ತಿಂದಾರು?"

ಬೆಳಿಗ್ಗೆ ಬಸದಿಗೆ ಹೋಗಿ ಎಂದಿಗಿಂತ ಹೆಚ್ಚು ಹೊತ್ತು ಕೂತು ಬಂದ. ಡಿಪೋದಲ್ಲಿ ಬಲೆ ಇರಲಿಲ್ಲ. ಪರಿಹಾರ ಸಂಘವೊಂದನ್ನು ಹಿಡಿದು ತರಿಸಿದ, ಹರಿದಿದೆಯೇ ಎಂದು ತಾನೇ ಬಿಡಿಸಿ ನೋಡಿ ಮಡಿಸಿದ. ಹಡಗು ಹೊರಟ ಮೇಲೂ ಮನಸ್ಸು ಪೂರ್ತಿ ಹಗುರಾಗಲಿಲ್ಲ. ಆದರೆ ಕೆಲವು ದಿನಗಳಲ್ಲಿ ಇನ್ನಷ್ಟು ಬಲೆ ಬೇಕೆಂದು ಕೇಳಿ ಬಂದಾಗ, ಅವನು ಅದನ್ನು ಬೇರೆಯವರಿಗೆ ದಾಟಿಸಲಿಲ್ಲ.