ಮನೆಯೊಳಗೆ ಹೋಗಲು ಚೀಟಿ

ವಿಶಾಖಪಟ್ಟಣದ ಬಂದರಿನಲ್ಲಿ ನಾವು ಹಡಗು ಹತ್ತಿದ ದಿನ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಯಾವುದೋ ಸಂಘದವರಿರಬೇಕು. ಅದು ೧೯೮೭. ನಾನು ಗದಗಿನ ಕಡೆಯವನು. ಸೈನ್ಯ ಸೇರಿ ಹದಿನಾಲ್ಕು ವರ್ಷವಾಗಿತ್ತು, ಪೆನ್ಶನ್ನಿಗೆ ಇನ್ನೊಂದು ವರ್ಷ ಬಾಕಿ ಇತ್ತು, ಹವಾಲ್ದಾರನಾಗಿದ್ದೆ. ನೆರೆಯ ದ್ವೀಪಕ್ಕೆ ನಾವು ಶಾಂತಿ ತರಲು ಹೋಗುತ್ತಿದ್ದೇವೆ ಎಂದು ದೊಡ್ಡ ಅಧಿಕಾರಿಯೊಬ್ಬ ಭಾಷಣ ಮಾಡಿದ. ಮುಗಿಸಿ ಅವನು ಜೀಪು ಹತ್ತಿ ಊಟಕ್ಕೆ ಹೋದ, ನಾವು ಹಡಗು ಹತ್ತಿದೆವು. ನಾನು ಅವನ ಮಾತು ನಂಬಿದ್ದೆ. ಮೂರ್ಖನಿಗೆ ಸಮವಸ್ತ್ರ ಚೆನ್ನಾಗಿಯೇ ಒಪ್ಪುತ್ತದೆ.

ದ್ವೀಪದ ಒಂದು ಸಣ್ಣ ಊರಿನಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ ಇದ್ದ ಮನೆಯನ್ನು ನಮ್ಮ ಠಾಣ್ಯ ಮಾಡಿಕೊಂಡೆವು. ಅದು ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ಮನೆ. ಒಬ್ಬಂಟಿ, ಎಪ್ಪತ್ತರ ಹತ್ತಿರದವರು. ಒಂದು ಗಂಟೆಯೊಳಗೆ ಖಾಲಿ ಮಾಡಿ ಎಂದೆವು. ಅವರು ಅದೇ ಬೀದಿಯ ತುದಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಆದರೆ ಹಿತ್ತಲಿನ ಬದನೆ, ದಾಸವಾಳಗಳಿಗೆ ನೀರು ಹಾಕಲು ದಿನಾ ಬೆಳಗ್ಗೆ ಬರುತ್ತಿದ್ದರು. ಚೀಟಿ ಇಲ್ಲದೆ ಯಾರನ್ನೂ ಒಳಗೆ ಬಿಡಬಾರದು ಎಂಬುದು ನಮ್ಮ ನಿಯಮ. ಹಾಗಾಗಿ ಅವರ ಮನೆಯೊಳಗೆ ಹೋಗಲು ಅವರಿಗೆ ದಿನವೂ ನಾನೇ ಚೀಟಿ ಬರೆದುಕೊಡುತ್ತಿದ್ದೆ. ನನ್ನ ಅಕ್ಷರ ದುಂಡಗಿತ್ತು, ಅದರ ಬಗ್ಗೆ ಜಂಬವೂ ಇತ್ತು. ಮೊದಲ ದಿನವೇ ಅವರ ಚೀಲ ತಡಕಾಡಿ, ಕಳೆ ತೆಗೆಯುವ ಕುರ್ಪಿಯನ್ನು ಆಯುಧವೆಂದು ಕಿತ್ತಿಟ್ಟುಕೊಂಡಿದ್ದೆ.

ಒಮ್ಮೆ ಅವರು ನಿಧಾನವಾಗಿ, ಹರಕು ಇಂಗ್ಲಿಷಿನ ನನಗೂ ತಿಳಿಯುವ ಹಾಗೆ ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ಊರಲ್ಲಿ, ನಿಮ್ಮ ತಾಯಿಯ ಮನೆ ಬಾಗಿಲಲ್ಲಿ ಈಗ ಯಾರು ಬಂದೂಕು ಹಿಡಿದು ನಿಂತಿದ್ದಾರೆ?"

"ಯಾರೂ ಇಲ್ಲ, ಮೇಡಂ."

"ಪುಣ್ಯವಂತೆ," ಎಂದು ಕೊಡ ಎತ್ತಿಕೊಂಡು ಒಳಗೆ ಹೋದರು.

ಎರಡು ತಿಂಗಳ ಮೇಲೆ ರಸ್ತೆಯಾಚೆ ಹೊಸ ಠಾಣ್ಯ ಕಟ್ಟಿದೆವು. ಅಲ್ಲಿನ ಮೆಷಿನ್‌ಗನ್ನಿಗೆ ಈ ಮನೆ ಅಡ್ಡ ಬರುತ್ತದೆ, ಕೆಡವಿ ಎಂದು ಆಜ್ಞೆ ಬಂತು. ನಾನೇ ಮುಂದೆ ನಿಂತು ಕೆಡವಿಸಿದೆ. ಶಿಕ್ಷಕಿ ರಸ್ತೆಯಲ್ಲಿ ನಿಂತು ಕೊನೆಯವರೆಗೂ ನೋಡಿದರು. ಅಳಲಿಲ್ಲ. "ನಾಳೆಯಿಂದ ನಿಮಗೆ ಚೀಟಿ ಬರೆಯುವ ಕೆಲಸ ತಪ್ಪಿತು," ಎಂದರು. ನಾನು "ಸಾರಿ ಮೇಡಂ" ಎಂದೆ. ಅಷ್ಟು ಹಗುರಾದ ಮಾತನ್ನು ನಾನು ಮತ್ತೆಂದೂ ಆಡಿಲ್ಲ.

ಎರಡು ವರ್ಷದ ಮೇಲೆ ತಿರುಗಿ ಬಂದಾಗ ಮತ್ತೆ ಹಾರ, ಮತ್ತೆ ಬ್ಯಾಂಡು. ನಮ್ಮ ಪಲ್ಟಣಿನ ಊಟದ ಕೋಣೆಯಲ್ಲಿ ಒಂದು ಹಿತ್ತಾಳೆ ಫಲಕವಿತ್ತು. ಬ್ರಿಟಿಷರ ಕಾಲದಲ್ಲಿ ಪಲ್ಟಣು ಗೆದ್ದ ದೂರದೂರದ ಊರುಗಳ ಹೆಸರು ಅದರ ಮೇಲೆ. ಸೈನ್ಯ ಸೇರಿದ ಹೊಸದರಲ್ಲಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದವನು ನಾನು. ನಮ್ಮ ಅಜ್ಜಂದಿರು ಯಾವನೋ ಚಕ್ರವರ್ತಿಗಾಗಿ ಯಾರದೋ ಮನೆ ಕೆಡವಿದ ಕೂಲಿಯ ಪಟ್ಟಿ ಅದು ಎಂದು ಈಗ ಹೊಳೆಯಿತು. ದ್ವೀಪದ ಹೆಸರನ್ನೂ ಅದಕ್ಕೆ ಸೇರಿಸಬೇಕು ಎಂದು ಇಬ್ಬರು ಅಧಿಕಾರಿಗಳು ಸಡಗರದಿಂದ ಮಾತಾಡುತ್ತಿದ್ದರು. ಚಕ್ರವರ್ತಿ ಹೋದರೂ ಅವನ ಚಾಳಿ ಇವರಿಗೆ ಅಂಟಿತ್ತು. ಅದೇ ವಾರ ಸೈನ್ಯದಿಂದ ಬಿಡುಗಡೆಗೆ ಅರ್ಜಿ ಬರೆದೆ.

ಪಲ್ಟಣಿನ ತೆಲುಗು ಗೆಳೆಯನೊಬ್ಬನ ನೆರವಿನಿಂದ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ಲಿನ ಒಂದು ಬ್ಯಾಂಕಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಮ್ಯಾನೇಜರು ಮೈಸೂರಿನವರು, ವರ್ಗವಾಗಿ ಬಂದವರು. ಸ್ವಾತಂತ್ರ್ಯ ದಿನದಂದು ನನ್ನಿಂದ ಯುದ್ಧದ ಕಥೆ ಹೇಳಿಸಿದರೆ ಗ್ರಾಹಕರಿಗೆ ಖುಷಿಯಾಗುತ್ತದೆ ಎಂದು ಅವರಿಗೆ ತೋಚಿತು. ಮುಖ್ಯ ಅತಿಥಿಯಾಗಿ ಕಾರು ಷೋರೂಮಿನ ಮಾಲೀಕನಾಗಿದ್ದ ಒಬ್ಬ ನಿವೃತ್ತ ಕರ್ನಲ್ ಬಂದಿದ್ದ. ನಾನು ನನಗೆ ಬರುವ ತೆಲುಗಿನಲ್ಲಿ ಶಿಕ್ಷಕಿಯ ಕಥೆಯನ್ನೇ ಹೇಳಿದೆ. ಚೀಟಿ, ಕುರ್ಪಿ, ಕೆಡವಿದ ಮನೆ, ಎಲ್ಲವನ್ನೂ. ಲಾಡು ತಿನ್ನುತ್ತಿದ್ದವರ ಕೈಗಳು ನಿಂತವು.

ಮ್ಯಾನೇಜರು ನನ್ನ ತೋಳು ಹಿಡಿದು ಪಕ್ಕಕ್ಕೆಳೆದರು. "ಏನ್ರೀ ಇದು? ನಾಲ್ಕು ಒಳ್ಳೆ ಮಾತಾಡ್ತೀರಿ ಅಂತ ಕರೆದ್ರೆ!"

"ಒಳ್ಳೇದು ನಡದಿದ್ರ ಹೇಳ್ತಿದ್ನಲ್ರೀ ಸಾಹೇಬ್ರ."

ಕರ್ನಲ್ ಎದ್ದು, ಸೈನಿಕನೇ ಪ್ರಶ್ನೆ ಕೇಳಲು ಶುರುಮಾಡಿದರೆ ದೇಶ ಉಳಿಯುವುದಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ಅವನ ಹೊಟ್ಟೆಯನ್ನು ನೋಡಿದರೆ ಅದು ಯಾವ ಪ್ರಶ್ನೆಗೂ ಹಸಿದಂತೆ ಕಾಣುತ್ತಿರಲಿಲ್ಲ.

ಹದಿನೈದು ದಿನದೊಳಗೆ ನನ್ನನ್ನು ಆಟೋನಗರ್ ಶಾಖೆಗೆ ಹಾಕಿದರು. ಅಲ್ಲಿ ಲಾರಿಗಳ ಸದ್ದಿನಲ್ಲಿ ನಾನು ಏನು ಹೇಳಿದರೂ ಕೇಳಿಸುವುದಿಲ್ಲ ಎಂದುಕೊಂಡಿರಬೇಕು. ನಾನು ಚಹಾದಂಗಡಿಯಲ್ಲಿ ಕೂತು ಹೇಳುತ್ತಲೇ ಇದ್ದೆ: ಮೆರವಣಿಗೆ ಮಾಡುವವರ ಬಗ್ಗೆ, ಭಾಷಣ ಮಾಡಿ ಊಟಕ್ಕೆ ಹೋಗುವವರ ಬಗ್ಗೆ. ಕೆಲವರು ಎದ್ದುಹೋಗುತ್ತಿದ್ದರು, ಕೆಲವರು ಕೇಳುತ್ತಿದ್ದರು.

ಕೇಳುತ್ತಿದ್ದವರಲ್ಲಿ ಎಂಜಿನ್ ರಿಪೇರಿಯ ಮೇಸ್ತ್ರಿಯೊಬ್ಬ. ಅವನ ತಾಯಿ ಬಳ್ಳಾರಿಯವರು, ತೆಲುಗು ಬೆರೆತ ಕನ್ನಡ ಅಷ್ಟಿಷ್ಟು ಉಳಿದಿತ್ತು. ಒಂದು ದಿನ, "ಹವಾಲ್ದಾರ್ ಗಾರು, ಒಂದು ಮಾತು ಕೇಳ್ಲಾ ಅಂಡಿ?" ಎಂದ.

"ಕೇಳಪಾ."

"ಅದು ತಪ್ಪು ಅಂತ ಆವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಕೆಡವಲ್ಲ ಅಂತ ಯಾಕೆ ಹೇಳ್ಲಿಲ್ಲ?"

ಆಜ್ಞೆ, ಕೋರ್ಟ್ ಮಾರ್ಷಲ್ ಎಂದೆಲ್ಲ ನಾಲಿಗೆಯ ತುದಿಗೆ ಬಂತು. ಕೊನೆಗೆ ನಿಜವನ್ನೇ ಹೇಳಿದೆ: "ಪೆನ್ಶನ್ನಿಗೆ ಇನ್ನೊಂದು ವರ್ಷ ಬಾಕಿ ಇತ್ತಪಾ."

ಅವನು ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೆಲಸಕ್ಕೆ ಹೋದ. ಅಂದಿನಿಂದ ಈ ಕಥೆ ಹೇಳುವಾಗಲೆಲ್ಲ ಆ ಒಂದು ವರ್ಷದ ಮಾತನ್ನು ಮೊದಲೇ ಹೇಳುತ್ತೇನೆ. ಕರ್ನಲ್ಲನನ್ನು ಬೈಯುವುದು ಆಮೇಲೆ.