ಅತ್ತೆ ಒಣಗಿಸಿದ ಮಣ್ಣು

ಮದುವೆಯಾಗಿ ಕಾಮಸಮುದ್ರದ ಕಡೆಯ ಹಳ್ಳಿಯಿಂದ ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗೆ ಬಂದಾಗ ನಾನು ಗಂಡನ ಮುಖಕ್ಕಿಂತ ಮೊದಲು ಸರಿಯಾಗಿ ನೋಡಿದ್ದು ಹಿತ್ತಲನ್ನು. ನಾಲ್ಕು ಮಾರು ಜಾಗ, ಹುಲ್ಲಿಗೂ ಬೇಡವಾದ ಮಣ್ಣು. ಬೇಸಾಯದ ಮನೆಯವಳು ನಾನು, ಸುಮ್ಮನಿರಲಾಗದೆ ಗೆಣಸಿನ ಬಳ್ಳಿ ನೆಟ್ಟೆ. ಅಗೆದಾಗ ಸಿಕ್ಕಿದ್ದು ಇಲಿಬಾಲದಂಥ ಬೇರು.

"ಇನ್ನೊಂದ್ಸಲ ನೋಡಮ್ಮ. ಆಗ್ಲಿಲ್ಲಾಂದ್ರೆ ಅಲ್ಲಿ ಕೋಳಿಗೂಡು ಕಟ್ಟಿಸ್ತೀನಿ," ಎಂದರು ಅತ್ತೆ.

ಅವರದು ಅನ್ಯಾಯದ ಮಾತಲ್ಲ. ಆದರೆ ಆ ಊರಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಜಾಗ. ಅದೂ ಹೋದರೆ ನಾನು ಬದುಕುವುದು ಹೇಗೆ ಎಂದು ನಿಜವಾಗಿಯೂ ಹೆದರಿದೆ.

ತವರಿಗೆ ಹೋದಾಗ ಅಪ್ಪ ತಮ್ಮ ಗೆಣಸಿನ ಹೊಲದ ಮಣ್ಣನ್ನು ಬೇರಿನ ಸಮೇತ ಒಂದು ಮೂಟೆ ತುಂಬಿಕೊಟ್ಟರು. ಮಣ್ಣಿನ ಹೆಂಟೆಗಳಲ್ಲಿ ಬಿಳೀ ಎಳೆಗಳು ಹೆಣೆದುಕೊಂಡಿದ್ದವು. "ಈ ಬೂಷ್ಟೇ ಬೇರಿಗೆ ಉಣ್ಸೋದು ಕಣಮ್ಮ. ಒಣಗಾಕೆ ಬಿಡಬ್ಯಾಡ," ಎಂದರು. ಅದು ಬೇರಿಗೆ ಅಂಟಿಕೊಂಡು ದೂರದ ಸತ್ವವನ್ನು ಎಳೆದು ತರುವ ಶಿಲೀಂಧ್ರ ಎಂದು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಪ್ಪನಿಗೆ ಕೊನೆಯವರೆಗೂ ಅದು ಬೂಷ್ಟೇ.

ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ ಒಬ್ಬರು ಮೂಟೆ ಮುಟ್ಟಿ ನೋಡಿ, "ಚಿನ್ನದ ಊರಿಗೆ ಮಣ್ಣು ಒತ್ಕೊಂಡು ಓಗ್ತೀಯಾ?" ಎಂದು ನಕ್ಕರು.

ಮರುದಿನ ನಾನು ನೀರು ಹಿಡಿದು ಬರುವಷ್ಟರಲ್ಲಿ ಅತ್ತೆ ಮೂಟೆ ಬಿಚ್ಚಿದ್ದರು. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಮನೆಯೇ ಮೈಲಿಗೆಯಾದಂತೆ ಆಡುವವರು ಅವರು. ಅರ್ಧ ಮಣ್ಣನ್ನು ಬಂಡೆಯ ಮೇಲೆ ಹರವಿ, ಮೂರು ದಿನ ಬಿಸಿಲಿಗೆ ಕಾಯಿಸಿ, ರಾಗಿಹಿಟ್ಟಿನಂತೆ ಜರಡಿ ಹಿಡಿದು, ಬೇರನ್ನೆಲ್ಲ ಆಚೆ ಎಸೆದರು. "ಈಗ ನೋಡು, ಎಷ್ಟು ಚೆಂದಾಗದೆ," ಎಂದರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ. ಅವರ ಮಣ್ಣನ್ನು ಒಂದು ಸಾಲಿಗೆ ಹಾಕಿದೆ, ಮೂಟೆಯಲ್ಲಿ ಹಸಿಯಾಗಿ ಉಳಿದದ್ದನ್ನು ಇನ್ನೊಂದಕ್ಕೆ. ಎರಡರಲ್ಲೂ ಬಳ್ಳಿ ನೆಟ್ಟೆ.

ನಾಲ್ಕು ತಿಂಗಳಿಗೆ ಇಬ್ಬರೂ ಕೂತು ಅಗೆದೆವು. ಅವರ ಸಾಲಿನಲ್ಲಿ ಮತ್ತೆ ಇಲಿಬಾಲ. ನನ್ನ ಸಾಲಿನಲ್ಲಿ ಮೊದಲ ಬುಡಕ್ಕೇ ಮೊಣಕೈ ಗಾತ್ರದ ಗೆಣಸು. ನನಗೆ ಕುಣಿಯುವಷ್ಟು ಖುಷಿ. ಆದರೆ ಪಕ್ಕದಲ್ಲಿ ಅತ್ತೆ ತಮ್ಮ ಸಾಲಿನ ಇಲಿಬಾಲವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಗೆದ್ದೆ ಅಂದುಕೊಳ್ಳಲೂ ಭಯವಾಯಿತು.

ಅವರು ನನ್ನ ಸಾಲಿನಿಂದ ಎರಡು ಬೊಗಸೆ ಮಣ್ಣು ಎತ್ತಿದರು. ಬಿಳೀ ಎಳೆ ಬೆರಳಿಗೆ ಮೆತ್ತಿಕೊಂಡಿತು, ಒರೆಸಿಕೊಳ್ಳಲಿಲ್ಲ. ಅದನ್ನು ತಮ್ಮ ಸಾಲಿಗೆ ಸುರಿದು, ಒಣಗದಿರಲೆಂದು ಅಪ್ಪನ ಮೂಟೆಯ ಗೋಣಿಯನ್ನು ನೆನೆಸಿ ಮೇಲೆ ಮುಚ್ಚಿದರು.

"ಕೆಡ್ಸಿದ್ದು ನಾನೇ," ಎಂದರು. "ಇಬ್ರೂ ಸೇರಿ ಬಳ್ಳಿ ನೆಡೋಣ, ಏಳು."